ಮೀಟರು ಅಳೆಯುತ್ತಿದ್ದವರ ಮೇಲೆ ಕ್ರಾಂತಿಯ ಗುಮಾನಿ

1793ರ ಡಿಸೆಂಬರ್ 23ರಂದು ಫ್ರೆಂಚ್ ಕ್ರಾಂತಿಯ ಸರ್ಕಾರ ನಡೆಸುತ್ತಿದ್ದ ಪ್ಯಾರಿಸ್ಸಿನ ಸಾರ್ವಜನಿಕ ಸುರಕ್ಷಾ ಸಮಿತಿ ಒಂದು ಚಿಕ್ಕ ಆದೇಶ ಹೊರಡಿಸಿತು. ತೂಕ ಮತ್ತು ಅಳತೆಗಳ ತಾತ್ಕಾಲಿಕ ಆಯೋಗದಿಂದ ಆರು ಜನರನ್ನು ತೆಗೆದುಹಾಕಲಾಗಿತ್ತು: ಬೋರ್ಡಾ, ಲಾವಾಸಿಯೆ, ಲಾಪ್ಲಾಸ್, ಕೂಲಾಂಬ್, ಬ್ರಿಸೋನ್, ಡೆಲಾಂಬ್ರ್. ಗಣರಾಜ್ಯಕ್ಕೆ ತಕ್ಕ ಸದ್ಗುಣ ಮತ್ತು ರಾಜರ ಮೇಲಿನ ದ್ವೇಷ, ಇವೆರಡರಿಂದ ನಂಬಿಕೆ ಗಳಿಸಿದವರಿಗೆ ಮಾತ್ರ ಸರ್ಕಾರದ ಕೆಲಸ ಒಪ್ಪಿಸಬೇಕು ಎನ್ನುವುದು ಕೊಟ್ಟ ಕಾರಣ. ಸಹಿ ಹಾಕಿದವರಲ್ಲಿ ರೋಬ್ಸ್‌ಪಿಯೆರ್ ಇದ್ದ, ಪ್ರಿಯರ್ ಕೂಡ ಇದ್ದ. ಪ್ರಿಯರ್ ಸ್ವತಃ ಎಂಜಿನಿಯರ್, ಮೀಟರ್ ಪದ್ಧತಿಯ ಕಟ್ಟಾ ಬೆಂಬಲಿಗ.

ಆ ಆರು ಹೆಸರುಗಳನ್ನು ಇನ್ನೊಮ್ಮೆ ಓದಿ. ವಿದ್ಯುದಾವೇಶದ ಮಾನಕ್ಕೆ ಹೆಸರು ಕೊಟ್ಟ ಕೂಲಾಂಬ್, ಗ್ರಹಗಳ ಚಲನೆಯ ಗಣಿತ ಕಟ್ಟಿದ ಲಾಪ್ಲಾಸ್, ಆಮ್ಲಜನಕದ ರಸಾಯನಶಾಸ್ತ್ರಕ್ಕೆ ಅಡಿಪಾಯ ಹಾಕಿದ ಲಾವಾಸಿಯೆ ಅಲ್ಲಿದ್ದಾರೆ. ಇವರಿಲ್ಲದೆ ಮುಗಿಯದ ಒಂದು ಕೆಲಸ ಆಗ ಅರ್ಧ ದಾರಿಯಲ್ಲಿತ್ತು. ಕ್ರಾಂತಿಯ ಹೊತ್ತಿನಲ್ಲಿ ವಿಜ್ಞಾನಿಗಳು ಪಟ್ಟ ಪಾಡನ್ನು ಗಿಲೊಟಿನ್ನಿನ ಸುತ್ತ ಹೇಳುವುದೇ ರೂಢಿ. ಆದರೆ ಹಿಂಸೆ ನಿಜವಾಗಿ ಹೇಗೆ ನಡೆಯಿತು ಎಂದು ತಿಳಿಯಬೇಕಾದರೆ ಈ ಅಳತೆಯ ಕೆಲಸವನ್ನೇ ಹತ್ತಿರದಿಂದ ನೋಡಬೇಕು. ಹೊಸ ಸರ್ಕಾರಕ್ಕೆ ಮೀಟರು ತುರ್ತಾಗಿ ಬೇಕಿತ್ತು. ಅದನ್ನು ಅಳೆಯಬಲ್ಲ ಹತ್ತಾರು ಜನರಲ್ಲಿ ಬಹುತೇಕರು ಹಳೆಯ ಆಡಳಿತದಲ್ಲಿ ಹುದ್ದೆ, ಪದವಿ, ಸಂಬಳ ಪಡೆದವರು. ಎಲ್ಲ ಗೊಂದಲ ಹುಟ್ಟಿದ್ದು ಇಲ್ಲಿಂದ.

ಮೊದಲು ಕೆಲಸ ಏನಿತ್ತು ಎಂಬುದು. ಉತ್ತರ ಧ್ರುವದಿಂದ ಸಮಭಾಜಕದವರೆಗಿನ ದೂರದ ಒಂದು ಕೋಟಿಯಲ್ಲೊಂದು ಭಾಗವೇ ಮೀಟರು ಎಂದು 1791ರ ಮಾರ್ಚ್‌ನಲ್ಲಿ ತೀರ್ಮಾನವಾಯಿತು. ಇಡೀ ದೂರ ಅಳೆಯುವುದು ಸಾಧ್ಯವಿಲ್ಲ. ಡಂಕರ್ಕ್‌ನಿಂದ ಬಾರ್ಸಿಲೋನಾವರೆಗೆ ಸುಮಾರು ಒಂಬತ್ತೂಮುಕ್ಕಾಲು ಡಿಗ್ರಿಯ ಕಮಾನು ಅಳೆದು, ಉಳಿದದ್ದನ್ನು ಲೆಕ್ಕದಿಂದ ಪಡೆಯುವುದು ಯೋಜನೆ. ದಾರಿಯುದ್ದಕ್ಕೂ ಗುಡ್ಡ, ಗೋಪುರ, ಚರ್ಚಿನ ಶಿಖರಗಳನ್ನು ಶೃಂಗಗಳಾಗಿ ಇಟ್ಟುಕೊಂಡು 115 ತ್ರಿಕೋನಗಳ ಸರಪಳಿ. ಪ್ರತಿ ತ್ರಿಕೋನದ ಕೋನಗಳನ್ನು ಅಳೆದು, ಎರಡೇ ಕಡೆ ನೆಲದ ಮೇಲೆ ಆಧಾರರೇಖೆ ಅಳೆದರೆ ಉಳಿದ ಭುಜಗಳೆಲ್ಲ ಲೆಕ್ಕದಲ್ಲಿ ಸಿಗುತ್ತವೆ. ರೊಡೇಜ್‌ನಿಂದ ಉತ್ತರದ ಭಾಗ ಖಗೋಳಜ್ಞ ಡೆಲಾಂಬ್ರ್‌ಗೆ, ದಕ್ಷಿಣದ ಭಾಗ ಇನ್ನೊಬ್ಬ ಖಗೋಳಜ್ಞ ಮೆಶಾಂಗೆ ಬಂತು. 1792ರ ಜೂನ್‌ನಲ್ಲಿ ಇಬ್ಬರೂ ಹೊರಟರು.

ಇವರ ಮುಖ್ಯ ಉಪಕರಣ ಬೋರ್ಡಾ ರೂಪಿಸಿ ಲೆನ್ವಾರ್ ತಯಾರಿಸಿದ ಪುನರಾವರ್ತಕ ವೃತ್ತ. ಗೆರೆ ಕೊರೆದ ಒಂದೇ ವೃತ್ತದ ಮೇಲೆ ಎರಡು ದುರ್ಬೀನುಗಳು. ಮೇಲಿನದನ್ನು ಬಲಗಡೆಯ ಗುರಿಗೂ ಕೆಳಗಿನದನ್ನು ಎಡಗಡೆಯ ಗುರಿಗೂ ಹಿಡಿದು ಬಿಗಿಯಬೇಕು. ಆಮೇಲೆ ಇಡೀ ವೃತ್ತವನ್ನು ತಿರುಗಿಸಿ ಕೆಳಗಿನ ದುರ್ಬೀನನ್ನು ಬಲಗಡೆಯ ಗುರಿಗೆ ತಂದು, ಮೇಲಿನದನ್ನಷ್ಟೇ ಸಡಿಲಿಸಿ ಎಡಗಡೆಗೆ ಒಯ್ಯಬೇಕು. ಆಗ ವೃತ್ತದ ಮೇಲೆ ಕೋನದ ಎರಡರಷ್ಟು ದಾಖಲಾಗುತ್ತದೆ. ಹತ್ತು ಸಲ ಹೀಗೆ ಮಾಡಿದರೆ ಇಪ್ಪತ್ತರಷ್ಟು. ಕೊನೆಗೆ ಒಂದೇ ಸಲ ಓದಿ ಇಪ್ಪತ್ತರಿಂದ ಭಾಗಿಸಿದರೆ ಗೆರೆ ಕೊರೆಯುವಾಗ ಆದ ದೋಷವೂ ಇಪ್ಪತ್ತರಲ್ಲೊಂದಕ್ಕೆ ಇಳಿಯುತ್ತದೆ. ಜಾಣ ಉಪಾಯ. ಆದರೆ ಎಲ್ಲ ಸಲವೂ ಒಂದೇ ದಿಕ್ಕಿಗೆ ವಾಲುವ ದೋಷ ಇದರಿಂದ ಹೋಗುವುದಿಲ್ಲ. ಅಕ್ಷ ಸವೆದು ಲಂಬ ತಪ್ಪಿದರೆ, ಗಾಳಿಯ ವಕ್ರೀಭವನದ, ಅಂದರೆ ಗಾಳಿಯಲ್ಲಿ ಬೆಳಕು ಬಾಗುವುದರ, ಕೋಷ್ಟಕ ತಪ್ಪಾಗಿದ್ದರೆ, ಸಾವಿರ ಸಲ ಅಳೆದರೂ ಉತ್ತರ ಅಷ್ಟೇ ತಪ್ಪು. ಮೆಶಾಂ ಈ ಬಲೆಯಲ್ಲೇ ಬಿದ್ದ. ಅವನ ವಿಷಯ ಮುಂದೆ ಬರುತ್ತದೆ.

ಈ ಕೆಲಸಕ್ಕೆ ಏನೇನು ಬೇಕು ನೋಡಿ. ಎತ್ತರದ ಜಾಗ, ದೂರಕ್ಕೆ ಕಾಣುವ ಮರದ ಗುರುತುಗಂಬ, ರಾತ್ರಿಯಲ್ಲಿ ಪ್ರತಿಫಲಕದ ದೀಪ, ದುರ್ಬೀನು, ಅಂಕೆಗಳು ತುಂಬಿದ ಪುಸ್ತಕ. ಶತ್ರುಸೈನ್ಯ ಗಡಿ ದಾಟಿ ಬರುತ್ತಿರುವ ದೇಶದಲ್ಲಿ ಗೂಢಚಾರನೊಬ್ಬನ ಬಳಿ ಇರುವ ಸಾಮಾನೂ ಇದೇ. 1792ರ ಆಗಸ್ಟ್ 10ರಂದು ರಾಜನ ಅಧಿಕಾರ ಬಿತ್ತು. ಡೆಲಾಂಬ್ರ್‌ನ ಕೈಯಲ್ಲಿದ್ದ ಅನುಮತಿಪತ್ರ ಆ ರಾಜನ ಹೆಸರಿನದು. ರಕ್ಷಣೆಗೆಂದು ಕೊಟ್ಟ ಕಾಗದ ಒಂದೇ ದಿನದಲ್ಲಿ ಅಪರಾಧದ ಸಾಕ್ಷಿಯಾಯಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಲಾನ್ಯಿ ಬಳಿ ಅವನನ್ನು ಹಿಡಿದರು. ಬಿಟ್ಟ ಎರಡೇ ದಿನಕ್ಕೆ ಸೇಂಟ್ ಡೆನಿಯಲ್ಲಿ ಮತ್ತೆ ಗಾಡಿ ತಡೆದರು. ಪೆಟ್ಟಿಗೆಗಳನ್ನು ಬೀದಿಯಲ್ಲೇ ಬಿಚ್ಚಿಸಿ, ನೆರೆದ ಜನರ ಎದುರು ಒಂದೊಂದು ಉಪಕರಣವೂ ಯಾವುದಕ್ಕೆ ಎಂದು ಹೇಳಿಸಿದರು. ಕತ್ತಲಾಗುವವರೆಗೆ ಭೂಮಿ ಅಳೆಯುವ ಶಾಸ್ತ್ರದ ಪಾಠ ನಡೆಯಿತು. ಕೇಳುತ್ತಿದ್ದವರಿಗೆ ಅದು ಬೇಕಿರಲಿಲ್ಲ. ಇವನ ಹಿಂದೆ ಯಾರಿದ್ದಾರೆ ಎಂಬುದಷ್ಟೇ ಅವರ ಪ್ರಶ್ನೆ. ನನಗೆ ಆ ಜನರ ಮೇಲೆ ಪೂರ್ತಿ ಸಿಟ್ಟು ಬರುವುದಿಲ್ಲ. ಅದೇ ವಾರ ಪ್ಯಾರಿಸ್ಸಿನ ಜೈಲುಗಳಲ್ಲಿ ಕೈದಿಗಳ ಸಾಮೂಹಿಕ ಹತ್ಯೆ ನಡೆದಿತ್ತು, ಪ್ರಷ್ಯಾದ ಸೈನ್ಯ ರಾಜಧಾನಿಯ ಕಡೆಗೆ ಬರುತ್ತಿತ್ತು. ಆ ಭಯ ಸುಳ್ಳಲ್ಲ.

ಗುಮಾನಿ ಅಳತೆಯನ್ನೂ ನೇರವಾಗಿ ಕೆಡಿಸಿತು. ನೆಟ್ಟ ಗುರುತುಗಂಬಗಳನ್ನು ಹಳ್ಳಿಗರು ಕಡಿದು ಹಾಕುತ್ತಿದ್ದರು. ಹಳೆಯ ಸರ್ವೇಯಲ್ಲಿ ಬಳಸಿದ್ದ ಚರ್ಚಿನ ಶಿಖರಗಳನ್ನು ಸಮಾನತೆಗೆ ವಿರುದ್ಧ ಎಂದು ಕೆಲವೆಡೆ ಕೆಡವಲಾಯಿತು. ಒಂದು ಶಿಖರ ಹೋದರೆ ಅದನ್ನು ಮುಟ್ಟುವ ಎಲ್ಲ ತ್ರಿಕೋನಗಳನ್ನೂ ಹೊಸ ಶೃಂಗದಿಂದ ಅಳೆಯಬೇಕು. ಎರ್ಮಾಂನಲ್ಲಿ ಗುರುತು ದೂರಕ್ಕೆ ಕಾಣಲೆಂದು ಡೆಲಾಂಬ್ರ್ ಬಿಳಿ ಬಟ್ಟೆ ಸುತ್ತಿಸಿದ. ಬಿಳಿ ರಾಜಪಕ್ಷದ ಬಣ್ಣ. ಹಾಗಾಗಿ ಒಂದು ಬದಿಗೆ ಕೆಂಪು ಪಟ್ಟಿ, ಇನ್ನೊಂದು ಬದಿಗೆ ನೀಲಿ ಪಟ್ಟಿ ಹೊಲಿಸಿ ಮೂರು ಬಣ್ಣದ ರಾಷ್ಟ್ರಚಿಹ್ನೆ ಮಾಡಬೇಕಾಯಿತು. ಅಳೆಯುವವನಿಗೆ ಇದು ಬರೀ ಅಲಂಕಾರದ ವಿಷಯವಾಗಿರಲಿಲ್ಲ. ಗುರುತಿನ ಎರಡು ಬದಿಯ ಹೊಳಪು ಬೇರೆ ಬೇರೆಯಾದರೆ ದೂರದಿಂದ ನೋಡುವ ಕಣ್ಣು ಹೊಳೆಯುವ ಕಡೆಗೆ ವಾಲಿ ಅದನ್ನೇ ನಡುವೆಂದು ಹಿಡಿಯುತ್ತದೆ.

ಇನ್ನು ಲಾವಾಸಿಯೆ. ಅಳತೆಯ ಕೆಲಸದ ಖಜಾಂಚಿ ಅವನೇ. ಆಧಾರರೇಖೆ ಅಳೆಯುವ ಪ್ಲಾಟಿನಂ ಪಟ್ಟಿಗಳು ಬಿಸಿಲಿಗೆ ಎಷ್ಟು ಹಿಗ್ಗುತ್ತವೆ ಎಂಬ ಪ್ರಯೋಗವನ್ನು 1793ರಲ್ಲಿ ಬೋರ್ಡಾ ಮತ್ತು ಅವನು ಸೇರಿ ಲಾವಾಸಿಯೆಯ ಮನೆಯ ತೋಟದಲ್ಲೇ ಮಾಡಿದರು. ಪಟ್ಟಿಗಳ ರಚನೆ ಹೀಗಿತ್ತು: ಒಂದೊಂದೂ ಎರಡು ಟ್ವಾಜ್ ಉದ್ದ, ಅಂದರೆ 3.9 ಮೀಟರು. ಅದರ ಮೇಲೆ ತುಸು ಗಿಡ್ಡನೆಯ ತಾಮ್ರದ ಪಟ್ಟಿ, ಒಂದು ತುದಿಗೆ ಮಾತ್ರ ಬೆಸೆದದ್ದು. ತಾಮ್ರ ಪ್ಲಾಟಿನಂಗಿಂತ ಹೆಚ್ಚು ಹಿಗ್ಗುವುದರಿಂದ ಬಿಟ್ಟ ತುದಿ ಸರಿದಷ್ಟನ್ನು ಸೂಕ್ಷ್ಮ ಅಳತೆಪಟ್ಟಿಯಾದ ವರ್ನಿಯರ್‌ನಲ್ಲಿ ಓದಿದರೆ ಆ ಕ್ಷಣದ ತಾಪ ತಿಳಿಯುತ್ತದೆ. ಪಕ್ಕದಲ್ಲಿ ತೂಗುಹಾಕಿದ ಥರ್ಮಾಮೀಟರು ಗಾಳಿಯ ತಾಪ ಹೇಳಬಹುದು, ಲೋಹದ್ದನ್ನಲ್ಲ. ಇಲ್ಲಿ ಅಳತೆಗೋಲೇ ತನ್ನ ತಾಪ ತಾನು ಹೇಳುತ್ತದೆ.

ಅದೇ ವರ್ಷ ಆಗಸ್ಟ್ 8ರಂದು ವಿಜ್ಞಾನ ಅಕಾಡೆಮಿಯನ್ನು ರದ್ದು ಮಾಡಲಾಯಿತು. ಅಳತೆಯ ಕೆಲಸ ನಿಲ್ಲಬಾರದೆಂದು ಸೆಪ್ಟೆಂಬರ್ 11ರಂದು ತಾತ್ಕಾಲಿಕ ಆಯೋಗ ರಚನೆಯಾಯಿತು. ನವೆಂಬರ್ 24ರಂದು ಹಳೆಯ ತೆರಿಗೆ ಗುತ್ತಿಗೆದಾರರನ್ನೆಲ್ಲ ಬಂಧಿಸಲು ಆದೇಶ ಬಂತು. ನಾಲ್ಕು ದಿನಗಳ ನಂತರ ಲಾವಾಸಿಯೆ ತಾನಾಗಿ ಶರಣಾದ.

ಇಲ್ಲಿ ಒಂದು ಜನಪ್ರಿಯ ಕಥೆಯನ್ನು ಬಿಡಿಸಲೇಬೇಕು. ಅಕಾಡೆಮಿಯಿಂದ ಅಸಡ್ಡೆಗೊಳಗಾದ ಕ್ರಾಂತಿಯ ಪತ್ರಕರ್ತ ಮಾರಾ ಲಾವಾಸಿಯೆಯ ಮೇಲೆ ಸೇಡು ತೀರಿಸಿಕೊಂಡ ಎನ್ನುತ್ತಾರೆ. ಮಾರಾನಿಗೆ ಸಿಟ್ಟಿತ್ತು, 1791ರಲ್ಲಿ ಅವನು ವಿಜ್ಞಾನಿಗಳ ವಿರುದ್ಧ ಕಟುವಾಗಿ ಬರೆದಿದ್ದೂ ನಿಜ. ಆದರೆ 1793ರ ಜುಲೈ 13ರಂದೇ ಅವನ ಕೊಲೆಯಾಗಿತ್ತು. ಬಂಧನ ಆಗಿದ್ದು ನಾಲ್ಕು ತಿಂಗಳ ಮೇಲೆ. ಲಾವಾಸಿಯೆಯ ಕುತ್ತಿಗೆಗೆ ಬಂದದ್ದು ಫೆರ್ಮ್ ಜೆನರಾಲ್. ಉಪ್ಪು, ತಂಬಾಕು, ಪಟ್ಟಣಕ್ಕೆ ಬರುವ ಸರಕಿನ ಮೇಲಿನ ಸುಂಕವನ್ನು ಸರ್ಕಾರದ ಪರವಾಗಿ ವಸೂಲಿ ಮಾಡುವ ಖಾಸಗಿ ಗುತ್ತಿಗೆ ಕೂಟ ಅದು. 1768ರಲ್ಲಿ ಅವನು ಅದರಲ್ಲಿ ಪಾಲು ಕೊಂಡ, ದುಬಾರಿ ಉಪಕರಣಗಳಿಗೆ ಹಣ ಅಲ್ಲಿಂದಲೇ ಬಂತು. ಕಳ್ಳಸಾಗಣೆ ತಡೆಯಲು ಪ್ಯಾರಿಸ್ ಸುತ್ತ ಸುಂಕದ ಗೋಡೆ ಕಟ್ಟುವ ಸಲಹೆಯೂ ಅವನದೇ. ಬಡವರು ಆ ಗೋಡೆಯನ್ನು ಮರೆತಿರಲಿಲ್ಲ.

ಮೊಕದ್ದಮೆ ನಡೆದ ರೀತಿ ಎಲ್ಲಕ್ಕಿಂತ ಮುಖ್ಯ. ಗುತ್ತಿಗೆದಾರರು ಲೆಕ್ಕ ಒಪ್ಪಿಸಬೇಕಿತ್ತು. ಲೆಕ್ಕದ ಕಾಗದಗಳೋ ಅವರದೇ ಹಳೆಯ ಕಚೇರಿಯಲ್ಲಿ ಮುದ್ರೆ ಬಿದ್ದು ಕೂತಿದ್ದವು. ಕೊನೆಗೆ ಡಿಸೆಂಬರ್ ಕೊನೆಯಲ್ಲಿ ಕೈದಿಗಳನ್ನೇ ಆ ಕಟ್ಟಡಕ್ಕೆ ತಂದು ಅದನ್ನೇ ಜೈಲಾಗಿ ಮಾಡಿದರು. ಜನವರಿ ಅಂತ್ಯದೊಳಗೆ ಲೆಕ್ಕ ಸಿದ್ಧವಾಯಿತು. ಆರೋಪಗಳು: ತಂಬಾಕಿಗೆ ಮಿತಿ ಮೀರಿ ನೀರು ಸೇರಿಸಿದ್ದು, ಹೆಚ್ಚು ಬಡ್ಡಿ ಹೊಡೆದದ್ದು, ಸರ್ಕಾರಕ್ಕೆ ಸಲ್ಲಬೇಕಾದ ಹಣ ತಡವಾಗಿ ಕಟ್ಟಿದ್ದು. ಇವೆಲ್ಲ ಹಣಕಾಸಿನ ಅಪರಾಧಗಳು. ಕ್ರಾಂತಿಕಾರಿ ನ್ಯಾಯಮಂಡಳಿಯ ವ್ಯಾಪ್ತಿಗೆ ಬರುತ್ತಿದ್ದದ್ದು ಗಣರಾಜ್ಯದ ವಿರುದ್ಧದ ಪಿತೂರಿ. ಆದ್ದರಿಂದ ತೀರ್ಪುಗಾರರ ಮುಂದಿಟ್ಟ ಪ್ರಶ್ನೆಯನ್ನೇ ತಿರುಚಲಾಯಿತು: ಶತ್ರುಗಳಿಗೆ ನೆರವಾಗುವಂತೆ ಜನರ ವಿರುದ್ಧ ಪಿತೂರಿ ನಡೆದಿತ್ತೇ, ತಂಬಾಕಿಗೆ ನೀರು ಬೆರೆಸಿದ್ದು ಅದರ ಭಾಗವೇ. 1794ರ ಮೇ 5ರಂದು ಸಂಸತ್ತಿನಲ್ಲಿ ಸದಸ್ಯ ಡ್ಯುಪಾಂ ವರದಿ ಓದಿದ. 8ರ ಬೆಳಿಗ್ಗೆ ವಿಚಾರಣೆ, ಅದೇ ದಿನ ಮಧ್ಯಾಹ್ನ ಮರಣದಂಡನೆ. ಲಾವಾಸಿಯೆಯ ಮಾವ ಪೋಲ್ಜ್ ಕೂಡ ಅದೇ ಸಾಲಿನಲ್ಲಿದ್ದ.

‘ಗಣರಾಜ್ಯಕ್ಕೆ ವಿದ್ವಾಂಸರು ಬೇಕಿಲ್ಲ’ ಎಂದು ನ್ಯಾಯಾಧೀಶ ಕೊಫಿನಾಲ್ ಹೇಳಿದನೆಂಬ ಮಾತು ಎಲ್ಲೆಡೆ ಸಿಗುತ್ತದೆ. ನಾನು ಅದನ್ನು ನಂಬುವುದಿಲ್ಲ. ರೋಬ್ಸ್‌ಪಿಯೆರ್ ಬಿದ್ದ ಮೇಲೆ, ತಪ್ಪನ್ನೆಲ್ಲ ಸತ್ತವರ ತಲೆಗೆ ಕಟ್ಟುತ್ತಿದ್ದ ಕಾಲದಲ್ಲಿ ಹಬ್ಬಿದ ಮಾತು ಅದು. ಕೊಫಿನಾಲ್ ಸ್ವತಃ ಆ ಆಗಸ್ಟ್‌ನಲ್ಲೇ ಗಿಲೊಟಿನ್‌ಗೆ ಹೋಗಿದ್ದ, ಅಲ್ಲಗಳೆಯಲು ಯಾರೂ ಉಳಿದಿರಲಿಲ್ಲ. ಅದಕ್ಕಿಂತ ಬಲವಾದ ಕಾರಣ ಇನ್ನೊಂದಿದೆ. ವಿಚಾರಣೆಗೆ ಎರಡು ತಿಂಗಳ ಹಿಂದಷ್ಟೇ ಇದೇ ಗಣರಾಜ್ಯ ದೇಶದ ನಾನಾ ಕಡೆಯಿಂದ ನೂರಾರು ಜನರನ್ನು ಪ್ಯಾರಿಸ್‌ಗೆ ಕರೆಸಿ, ಗಿಟನ್, ಫೂರ್‌ಕ್ರ್ವಾ, ಬೆರ್ತೊಲೆ, ಮೊಂಜ್ ಮುಂತಾದವರಿಂದ ಪೆಟ್ಲುಪ್ಪು, ಮದ್ದು, ಫಿರಂಗಿ ತಯಾರಿಕೆಯ ಪಾಠ ಹೇಳಿಸಿತ್ತು. ವಿದ್ವಾಂಸರು ಬೇಕಿದ್ದರು, ಬಹಳವೇ ಬೇಕಿದ್ದರು. ಆದರೆ ವಿದ್ವತ್ತು ಯಾರಿಗೂ ರಕ್ಷಾಕವಚವಾಗಲಿಲ್ಲ. ಹಾಗೆ ಪಾಠ ಹೇಳಿದವರಲ್ಲಿ ಕೆಲವರು ಲಾವಾಸಿಯೆಯ ಹಳೆಯ ಸಹೋದ್ಯೋಗಿಗಳು. ಅಧಿಕಾರಕ್ಕೆ ಹತ್ತಿರವಿದ್ದ ಅವರು ಬಹಿರಂಗವಾಗಿ ಬಾಯಿ ಬಿಡಲಿಲ್ಲ. ಈ ಮೌನ ನನಗೆ ಕೊಫಿನಾಲ್‌ನ ಮಾತಿಗಿಂತ ಭಾರವಾಗಿ ಕಾಣುತ್ತದೆ.

ಬಾಯಿ ಬಿಟ್ಟವರೂ ಇದ್ದರು, ಅದರ ಬೆಲೆ ಎಷ್ಟೆಂಬುದೂ ದಾಖಲಾಗಿದೆ. ಲಾವಾಸಿಯೆ ಇಲ್ಲದೆ ಕೆಲಸ ಸಾಗುವುದಿಲ್ಲ, ಬಿಟ್ಟುಕೊಡಿ ಎಂದು ಆಯೋಗದ ಪರವಾಗಿ ಬೋರ್ಡಾ ಮತ್ತು ಅಯುಯಿ ಡಿಸೆಂಬರ್ 18ರಂದು ಪತ್ರ ಬರೆದರು. ಐದೇ ದಿನಕ್ಕೆ ಬಂತು ಆರು ಜನರನ್ನು ತೆಗೆದುಹಾಕಿದ ಆದೇಶ. ಬೋರ್ಡಾ ಹೋದ. ಅಯುಯಿ ಮಾತ್ರ ಉಳಿದ. ಅಯುಯಿ ಪಾದ್ರಿ, ಪಾದ್ರಿಗಳ ಕುರಿತ ಹೊಸ ಸಂವಿಧಾನಕ್ಕೆ ಪ್ರಮಾಣ ಮಾಡಲು ಒಪ್ಪದೆ 1792ರ ಆಗಸ್ಟ್‌ನಲ್ಲಿ ಬಂಧನಕ್ಕೊಳಗಾಗಿದ್ದವನು. ತರುಣ ಜೆಫ್ರ್ವಾ ಸೇಂಟ್ ಇಲೇರ್ ಓಡಾಡಿ ಬಿಡುಗಡೆಯ ಆದೇಶ ತಂದಿದ್ದರಿಂದ ಕೊಲೆಗಳು ಶುರುವಾಗುವ ಮುನ್ನ ಹೊರಬಂದಿದ್ದ. ಗುಮಾನಿಯಲ್ಲಿ ತರ್ಕ ಹುಡುಕುವವರಿಗೆ ಈ ಇಬ್ಬರನ್ನು ಅಕ್ಕಪಕ್ಕ ಇಟ್ಟು ನೋಡಿ ಎನ್ನುತ್ತೇನೆ. ಪ್ರಮಾಣ ನಿರಾಕರಿಸಿದ ಪಾದ್ರಿ ಕೆಲಸದಲ್ಲಿ ಮುಂದುವರಿದ, ನೌಕಾಪಡೆಯ ಎಂಜಿನಿಯರ್ ಹೊರಬಿದ್ದ. ಬೋರ್ಡಾ ಮತ್ತು ಕೂಲಾಂಬ್ ಬ್ಲ್ವಾ ಬಳಿಯ ಕೂಲಾಂಬ್‌ನ ಮನೆ ಸೇರಿದರು. ಲಾಪ್ಲಾಸ್ ಮೆಲುಂ ಹತ್ತಿರದ ಹಳ್ಳಿಯಲ್ಲಿ ತಲೆಮರೆಸಿಕೊಂಡಂತೆ ಬದುಕಿದ.

ಆ ವರ್ಷಗಳಲ್ಲಿ ಸತ್ತ ಉಳಿದ ಹೆಸರುಗಳನ್ನೂ ಹೇಳಿಬಿಡುತ್ತೇನೆ. ಗುರುವಿನ ಉಪಗ್ರಹಗಳ ಚಲನೆ ಲೆಕ್ಕ ಹಾಕಿದ, ಭಾರತೀಯ ಖಗೋಳಶಾಸ್ತ್ರದ ಮೇಲೆ 1787ರಲ್ಲಿ ದೊಡ್ಡ ಗ್ರಂಥ ಪ್ರಕಟಿಸಿದ ಬೈಯಿ ಪ್ಯಾರಿಸ್ಸಿನ ಮೇಯರ್ ಆಗಿದ್ದ. 1791ರ ಜುಲೈ 17ರಂದು ಶಾಂ ದ ಮಾರ್ಸ್ ಮೈದಾನದಲ್ಲಿ ಜನರ ಮೇಲೆ ನಡೆದ ಗೋಲೀಬಾರಿಗಾಗಿ 1793ರ ನವೆಂಬರ್ 12ರಂದು ಅವನ ತಲೆ ತೆಗೆದರು. ಅಕಾಡೆಮಿಯ ಕಾರ್ಯದರ್ಶಿಯಾಗಿದ್ದ ಗಣಿತಜ್ಞ ಕಾಂಡೋರ್ಸೆ ಹೊಸ ಸಂವಿಧಾನವನ್ನು ಟೀಕಿಸಿದ್ದಕ್ಕೆ ತಿಂಗಳುಗಟ್ಟಲೆ ಅಡಗಿದ್ದು, ಹೊರಬಂದೊಡನೆ ಸಿಕ್ಕಿಬಿದ್ದು 1794ರ ಮಾರ್ಚ್ 29ರಂದು ಸೆರೆಯಲ್ಲಿ ಸತ್ತ. ಬೊಶಾರ್ ದ ಸಾರೋಂ ನ್ಯಾಯಾಧೀಶ, ಧೂಮಕೇತುಗಳ ಪಥ ಲೆಕ್ಕ ಹಾಕುವುದರಲ್ಲಿ ನಿಪುಣ. ಖಗೋಳಜ್ಞ ಮೆಸ್ಸಿಯೆ 1793ರ ಸೆಪ್ಟೆಂಬರ್‌ನಲ್ಲಿ ಕಂಡ ಧೂಮಕೇತುವಿನ ಪಥವನ್ನು ಜೈಲಿನಲ್ಲೇ ಕೂತು ಲೆಕ್ಕ ಮಾಡಿಕೊಟ್ಟ. ಸೂರ್ಯನ ಮರೆಯಿಂದ ಹೊರಬಂದ ಧೂಮಕೇತು ಅವನು ಹೇಳಿದ ಜಾಗದ ಹತ್ತಿರವೇ ಸಿಕ್ಕಿತು. 1794ರ ಏಪ್ರಿಲ್ 20ರಂದು ಅವನನ್ನೂ ಕೊಂದರು. ಮೇಯರ್, ರಾಜಕಾರಣಿ, ನ್ಯಾಯಾಧೀಶ, ಸುಂಕದ ಗುತ್ತಿಗೆದಾರ. ಪ್ರತಿಯೊಬ್ಬನನ್ನೂ ಹಿಡಿದದ್ದು ಪ್ರಯೋಗಾಲಯದ ಹೊರಗಿನ ಆ ಹುದ್ದೆ.

ಡೆಲಾಂಬ್ರ್‌ಗೆ ವಜಾ ಆದೇಶ ತಲುಪಿದಾಗ ಅವನು ಒರ್ಲಿಯಾಂ ಸುತ್ತ ಚಳಿಗಾಲದಲ್ಲಿ ಕೋನ ಅಳೆಯುತ್ತಿದ್ದ. ಟಿಪ್ಪಣಿ, ಲೆಕ್ಕ, ಉಪಕರಣಗಳ ಪಟ್ಟಿ ಎಲ್ಲ ಒಪ್ಪಿಸಬೇಕಿತ್ತು. ಮರದ ಗುರುತುಗಳು ಹೆಚ್ಚು ಕಾಲ ನಿಲ್ಲುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಆ ಬಿಂದುವೇ ಕಳೆದುಹೋಗಿ ಹಿಂದಿನ ನಿಲ್ದಾಣಗಳ ಅಳತೆಯೂ ವ್ಯರ್ಥ. ಆದ್ದರಿಂದ ಮುಂದೆ ಬಂದವರಿಗೆ ಎಳೆ ಸಿಗುವಂತೆ ಕೆಲಸವನ್ನು ಒಂದು ಹಂತಕ್ಕೆ ತಂದೇ ಅವನು ಹಿಂದಿರುಗಿದ. 1795ರ ಏಪ್ರಿಲ್ 7ರ ಮೀಟರ್ ಪದ್ಧತಿಯ ಕಾನೂನು ಬಂದ ಮೇಲೆ ಬಿಟ್ಟಲ್ಲಿಂದ ಮತ್ತೆ ಹಿಡಿಯಲು ಸಾಧ್ಯವಾಗಿದ್ದು ಇದರಿಂದ, ಮತ್ತು ಅವನ ದಾಖಲೆಯ ಕ್ರಮದಿಂದ. ಹೊಲಿದ ಪುಸ್ತಕ, ಶಾಯಿಯ ಬರಹ. ತಪ್ಪಾದರೆ ಕಾಣುವಂತೆ ಗೆರೆ ಎಳೆಯುವುದು, ಹಾಳೆ ಹರಿಯುವುದಿಲ್ಲ.

ಮೆಶಾಂ ಇದಕ್ಕೆ ಉಲ್ಟಾ. ಬಿಡಿ ಹಾಳೆ, ಪೆನ್ಸಿಲ್. 1793ರಲ್ಲಿ ಬಾರ್ಸಿಲೋನಾ ಬಳಿ ನೀರೆತ್ತುವ ಯಂತ್ರ ನೋಡಲು ಹೋದಾಗ ಅಪಘಾತವಾಗಿ ಪಕ್ಕೆಲುಬು, ಕೊರಳೆಲುಬು ಮುರಿದವು. ಆ ವರ್ಷ ಫ್ರಾನ್ಸ್ ಮತ್ತು ಸ್ಪೇನ್ ನಡುವೆ ಯುದ್ಧ ಶುರುವಾಯಿತು. ನಕ್ಷೆ ಮತ್ತು ಅಂಕೆ ತುಂಬಿಕೊಂಡ ಫ್ರೆಂಚನನ್ನು ಸ್ಪೇನ್ ಹೊರಗೆ ಬಿಡಲಿಲ್ಲ. ಮೊದಲು ನಕ್ಷತ್ರ ನೋಡಿದ್ದ ಮೊಂಜ್ವಿಕ್ ಕೋಟೆಗೆ ಮತ್ತೆ ಹೋಗಲೂ ಅನುಮತಿ ಇಲ್ಲದೆ ಊರೊಳಗಿನ ಛತ್ರದಿಂದಲೇ ನಕ್ಷತ್ರ ನೋಡಿದ. ನಡುವಿನ ದೂರ ಲೆಕ್ಕಕ್ಕೆ ಹಿಡಿದು ಎರಡು ಜಾಗಗಳ ಅಕ್ಷಾಂಶ ತಾಳೆ ನೋಡಿದರೆ ಕೋನದ ಮೂರು ಸೆಕೆಂಡಿಗೂ ಮಿಕ್ಕಿ ವ್ಯತ್ಯಾಸ, ನೆಲದ ಮೇಲೆ ಸುಮಾರು ನೂರು ಮೀಟರು. ಕೋಟೆಗೆ ಮತ್ತೆ ಹೋಗಿ ಪರೀಕ್ಷಿಸುವ ದಾರಿ ಮುಚ್ಚಿತ್ತು. ಪ್ಯಾರಿಸ್ಸಿನಲ್ಲಿ ಗೆಳೆಯರು ಕೆಲಸ ಕಳೆದುಕೊಳ್ಳುತ್ತಿದ್ದರು, ಜೈಲು ಸೇರುತ್ತಿದ್ದರು. ಅವನು ಆ ವ್ಯತ್ಯಾಸವನ್ನು ಮುಚ್ಚಿಟ್ಟ. 1804ರಲ್ಲಿ ಸಾಯುವವರೆಗೂ ಹೇಳಲಿಲ್ಲ. ಆಮೇಲೆ ಕಾಗದಗಳನ್ನು ತೆರೆದು ಕಂಡುಕೊಂಡದ್ದು ಡೆಲಾಂಬ್ರ್. ಉತ್ತರಕ್ಕೆ ಇರುವ ನಕ್ಷತ್ರಗಳನ್ನೂ ದಕ್ಷಿಣಕ್ಕೆ ಇರುವವನ್ನೂ ಬೇರೆ ಬೇರೆ ಲೆಕ್ಕ ಹಾಕಿ ಸರಾಸರಿ ತೆಗೆದರೆ ವ್ಯತ್ಯಾಸ ಬಹುಪಾಲು ಕರಗುತ್ತದೆ ಎಂದು 1828ರಲ್ಲಿ ಖಗೋಳಜ್ಞ ನಿಕೊಲೆ ತೋರಿಸಿದ. ದೋಷ ಉಪಕರಣದಲ್ಲಿತ್ತು. ಶಾಂತಿಯ ಕಾಲವಾಗಿದ್ದರೆ ಕೋಟೆಗೆ ಇನ್ನೊಮ್ಮೆ ಹತ್ತಿ, ನಾಲ್ಕು ಜನರೊಡನೆ ಮಾತಾಡಿ ಬಗೆಹರಿಸಬಹುದಾಗಿದ್ದ ತೊಡಕು ಒಬ್ಬ ಮನುಷ್ಯನನ್ನು ಹತ್ತು ವರ್ಷ ಒಳಗೊಳಗೇ ತಿಂದಿತು.

ಆಧಾರರೇಖೆಗಳ ಸರದಿ ಬಂದದ್ದು 1798ರಲ್ಲಿ. ಮೆಲುಂ ಬಳಿ ಒಂದು, ಪೆರ್ಪಿನ್ಯಾಂ ಬಳಿ ಇನ್ನೊಂದು, ಪ್ರತಿಯೊಂದೂ 6000 ಟ್ವಾಜ್‌ಗಿಂತ ತುಸು ಹೆಚ್ಚು, ಅಂದರೆ ಸುಮಾರು 12 ಕಿಲೋಮೀಟರು. ನಾಲ್ಕು ಪಟ್ಟಿಗಳನ್ನು ಸಾಲಾಗಿ ಇಟ್ಟು, ಹಿಂದಿನದನ್ನು ಮುಂದಕ್ಕೆ ಒಯ್ಯುತ್ತಾ ಹೋಗಬೇಕು. ಒಂದು ರೇಖೆಗೆ ಸುಮಾರು 3000 ಸಲ. ಪಟ್ಟಿಗಳು ಒಂದಕ್ಕೊಂದು ತಾಗಕೂಡದು, ತಾಗಿದರೆ ಹಿಂದಿನದು ಸರಿಯುತ್ತದೆ. ನಡುವೆ ಸಂದು ಬಿಟ್ಟು, ತುದಿಯ ಜಾರುನಾಲಿಗೆಯನ್ನು ಮೆಲ್ಲಗೆ ಮುಟ್ಟಿಸಿ ವರ್ನಿಯರ್‌ನಲ್ಲಿ ಸಂದನ್ನು ಓದುತ್ತಿದ್ದರು. ಬಿಸಿಲು ನೇರವಾಗಿ ಬೀಳದಂತೆ ಮೇಲೆ ಮರದ ಮಾಡು. ಕೊನೆಗೆ ಮೆಲುಂ ರೇಖೆಯಿಂದ ತ್ರಿಕೋನಗಳ ಮೂಲಕ 600 ಕಿಲೋಮೀಟರಿಗೂ ಹೆಚ್ಚು ದೂರ ಲೆಕ್ಕ ಹಾಕಿಕೊಂಡು ಹೋಗಿ ಪೆರ್ಪಿನ್ಯಾಂ ರೇಖೆಯೊಂದಿಗೆ ತಾಳೆ ನೋಡಿದರೆ ವ್ಯತ್ಯಾಸ ಒಂದಡಿಗಿಂತ ಕಡಿಮೆ.

ಮೀಟರಿನ ಕೊನೆಯ ಬೆಲೆ ಹಳೆಯ ಅಳತೆಯಲ್ಲಿ 443.296 ಲೀನ್ಯ. 1793ರ ಆಗಸ್ಟ್ 1ರ ಕಾನೂನಿನ ತಾತ್ಕಾಲಿಕ ಮೀಟರು 443.44. ಅಂತರ ಮೂರನೇ ಒಂದು ಮಿಲಿಮೀಟರು. 1799ರ ಜೂನ್ 22ರಂದು ಪ್ಲಾಟಿನಂ ಮೀಟರು ಮತ್ತು ಕಿಲೋಗ್ರಾಂ ರಾಷ್ಟ್ರೀಯ ಪತ್ರಾಗಾರ ಸೇರಿದವು. ಅದನ್ನು ನೋಡಲು ಬೋರ್ಡಾ ಇರಲಿಲ್ಲ, ನಾಲ್ಕು ತಿಂಗಳ ಹಿಂದೆ ತೀರಿಕೊಂಡಿದ್ದ.

ಕಿಲೋಗ್ರಾಮಿನ ಲೆಕ್ಕವನ್ನು ನಾನು ಬೇಕೆಂದೇ ಕೊನೆಗೆ ಇಟ್ಟಿದ್ದೇನೆ. 1793ರ ಜನವರಿಯಲ್ಲಿ ಲಾವಾಸಿಯೆ ಮತ್ತು ಅಯುಯಿ ಲೋಹದ ಸಿಲಿಂಡರನ್ನು ಗಾಳಿಯಲ್ಲೂ ಬಟ್ಟಿಯಿಳಿಸಿದ ನೀರಿನಲ್ಲೂ ತೂಗಿ, ಮಂಜು ಕರಗುವ ತಾಪದಲ್ಲಿ ಒಂದು ಘನ ಡೆಸಿಮೀಟರ್ ನೀರಿನ ತೂಕ ಹಳೆಯ ಮಾನದಲ್ಲಿ 18841 ಗ್ರೇನ್ ಎಂದು ಕಂಡುಕೊಂಡರು. 1799ರಲ್ಲಿ ಲೆಫೆವ್ರ್ ಜಿನೋ ಮತ್ತು ಫಬ್ರೋನಿ ಹೊಸ ಸಿಲಿಂಡರಿನಿಂದ, ನೀರು ಅತಿ ಸಾಂದ್ರವಾಗಿರುವ ತಾಪಕ್ಕೆ, ಪಡೆದ ಬೆಲೆ 18827.15. ಮೇಲ್ನೋಟಕ್ಕೆ ಹಳೆಯ ಅಳತೆ ಸುಮಾರು 14 ಗ್ರೇನ್, ಅಂದರೆ 0.74 ಗ್ರಾಂ ತಪ್ಪಿದಂತೆ ಕಾಣುತ್ತದೆ. ಆದರೆ ಲಾವಾಸಿಯೆ ಬಳಸಿದ್ದು ತಾತ್ಕಾಲಿಕ ಮೀಟರನ್ನು. ಅದು ಉದ್ದದಲ್ಲಿ 0.0325 ಶೇಕಡಾ ಹೆಚ್ಚು, ಹಾಗಾಗಿ ಘನದಲ್ಲಿ 0.0975 ಶೇಕಡಾ ಹೆಚ್ಚು. 18827.15ನ್ನು ಅಷ್ಟು ಹಿಗ್ಗಿಸಿದರೆ 18845.5. ಮಂಜಿನ ತಾಪದ ನೀರು ಅತಿ ಸಾಂದ್ರ ನೀರಿಗಿಂತ 0.013 ಶೇಕಡಾ ಹಗುರ, ಅದನ್ನು ಕಳೆದರೆ 18843. ಲಾವಾಸಿಯೆಯ ಉತ್ತರ 18841. ನಿಜವಾದ ದೋಷ ಎರಡೇ ಗ್ರೇನ್, ಒಂದು ಕಿಲೋಗ್ರಾಮಿಗೆ ಸುಮಾರು 0.1 ಗ್ರಾಂ. ಉಳಿದ ವ್ಯತ್ಯಾಸವೆಲ್ಲ ಮೀಟರಿನದು ಮತ್ತು ತಾಪದ ಆಯ್ಕೆಯದು. ಆ ಎರಡು ಗ್ರೇನನ್ನು ಇನ್ನೂ ಇಳಿಸುವ ಕೆಲಸ ಬೇರೆಯವರ ಪಾಲಿಗೆ ಹೋಯಿತು, ಮೊದಲು ತೂಗಿದವನನ್ನು ತಂಬಾಕಿಗೆ ನೀರು ಬೆರೆಸಿದ ಪಿತೂರಿಗಾರನೆಂದು ಆಗಲೇ ಕೊಂದಾಗಿತ್ತು.